ಪ್ರಯಾಗಬಾಯಿಯ ಚೌಕಶಿ

ಮುರುಮದ ಪ್ರಯಾಗಬಾಯಿಗೆ ಯಾರಾದರೂ ಒಂದು ಮನೆ ನೋಡಿಕೊಂಡು ಬರಲು ಹೇಳಿದರೆ ಆಕೆ ಮೊದಲು ಆ ಮನೆಗೆ ಹೋಗುವುದಿಲ್ಲ. ಆ ಓಣಿಯ ಹಿಟ್ಟಿನ ಗಿರಣಿಗೆ ಹೋಗುತ್ತಾಳೆ. ಅಲ್ಲಿಂದ ಬಳೆಗಾರನ ಅಂಗಡಿಗೆ, ಅಲ್ಲಿಂದ ಆ ಮನೆಯ ಕೆಲಸ ಬಿಟ್ಟು ಹೋದ ಹೆಂಗಸಿನ ಮನೆಗೆ. ಎಲ್ಲ ಕಡೆ ಕೂತು, ತನ್ನ ಸೊಂಟನೋವಿನ ಮಾತು ತೆಗೆದು, ನಡುವೆ ಒಂದೇ ಒಂದು ಪ್ರಶ್ನೆ ಹಾಕುತ್ತಾಳೆ. ಎಲ್ಲ ಮುಗಿದ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಆ ಮನೆಯ ಬಾಗಿಲಿಗೆ ನಿಂತು ಕುಡಿಯಲು ನೀರು ಕೇಳುತ್ತಾಳೆ. ನೀರು ಯಾರು ತರುತ್ತಾರೆ, ತರಲು ಯಾರು ಹೇಳುತ್ತಾರೆ, ಹೇಳುವಾಗ ದನಿ ಹೇಗಿರುತ್ತದೆ, ಇಷ್ಟನ್ನು ನೋಡಿಕೊಂಡು ಬಸ್ಸು ಹತ್ತುತ್ತಾಳೆ.

ಹೆಣ್ಣು ಕೊಡುವ ಮುಂಚೆ ಮಾಡುವ ಈ ಗುಪ್ತ ವಿಚಾರಣೆಗೆ ನಮ್ಮ ಕಡೆ ಚೌಕಶಿ ಎನ್ನುತ್ತಾರೆ. ಮಹಾರಾಷ್ಟ್ರದ ಗಡಿಯಲ್ಲಿ ಉಮರ್ಗಾದಿಂದ ಉದಗೀರದವರೆಗಿನ ಲಿಂಗಾಯತ ಮನೆಗಳಲ್ಲಿ ಮೂವತ್ತು ವರ್ಷಗಳಿಂದ ಪ್ರಯಾಗಬಾಯಿಯ ಚೌಕಶಿಗೆ ಬೆಲೆ ಇದೆ. ಆಕೆ ತಲೆಯಾಡಿಸಿದರೆ ಮದುವೆ. ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡು ಸುಮ್ಮನೆ ಕೂತರೆ ಅಲ್ಲಿಗೆ ಮಾತು ಮುಗಿಯಿತು. ಇದಕ್ಕಾಗಿ ಆಕೆ ಯಾರಿಂದಲೂ ಏನೂ ತೆಗೆದುಕೊಂಡವಳಲ್ಲ. ತೆಗೆದುಕೊಂಡರೆ ನಾಲಿಗೆ ಮೆತ್ತಗಾಗುತ್ತದೆ ಎಂಬುದು ಆಕೆಯ ಲೆಕ್ಕ.

ಈ ಗುಣ ಆಕೆಗೆ ಹುಟ್ಟಿನಿಂದ ಬಂದದ್ದಲ್ಲ. ಹದಿನೇಳನೇ ವಯಸ್ಸಿಗೆ ಆಕೆಯನ್ನು ಮುರುಮಕ್ಕೆ ಕೊಡುವಾಗ ಅಪ್ಪ ನೋಡಿದ್ದು ಎರಡು ಜೋಡಿ ಎತ್ತು ಮತ್ತು ಬಾವಿ. ಮದುವೆಯಾದ ನಾಲ್ಕನೇ ದಿನ ಗಂಡ ಊಟಕ್ಕೆ ಕೂತಲ್ಲೇ ಮೂರ್ಛೆ ಬಿದ್ದ. ಆತ ಒಳ್ಳೆಯವನೇ. ಹದಿನೆಂಟು ವರ್ಷ ಬಾಳಿದರು, ಇಬ್ಬರು ಗಂಡುಮಕ್ಕಳಾದರು. ಆದರೆ ಆ ಕಾಯಿಲೆಯ ವಿಷಯ ಓಣಿಯ ಗಿರಣಿಯವನಿಗೆ ಗೊತ್ತಿತ್ತು, ಬಳೆಗಾರನಿಗೆ ಗೊತ್ತಿತ್ತು, ತನ್ನ ಅಪ್ಪ ಮಾತ್ರ ಕೇಳಿರಲಿಲ್ಲ ಎಂಬುದು ಆಕೆಯ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಅಂದಿನಿಂದ ಕಂಡದ್ದನ್ನೆಲ್ಲ ಒಮ್ಮೆ ತಿರುವಿ ನೋಡುವುದು ರೂಢಿಯಾಯಿತು. ಹಾಲಿನವನ ಕ್ಯಾನು, ಸೊಸೆಯ ತವರಿನ ಫೋನು, ಸಕ್ಕರೆ ಹೆಚ್ಚಾದ ಚಹಾ, ಯಾವುದನ್ನೂ ಆಕೆ ಹಾಗೇ ಬಿಟ್ಟವಳಲ್ಲ.

ಎರಡು ಸಾವಿರದ ಇಪ್ಪತ್ತೆರಡರ ಮೇ ತಿಂಗಳಲ್ಲಿ ಉದಗೀರದಿಂದ ಕಿರಿಯ ಮಗ ಪಂಡಿತ ಫೋನು ಮಾಡಿದ. ಪಂಡಿತನಿಗೆ ಅಲ್ಲಿಯ ಧಾನ್ಯ ಮಾರುಕಟ್ಟೆಯಲ್ಲಿ ತೂಕದ ಕೆಲಸ. ಅವನ ಮಗಳು ಪ್ರಣಿತಾ ಉಕ್ರೇನಿನಲ್ಲಿ ಡಾಕ್ಟರಿಕೆ ಓದುತ್ತಿದ್ದವಳು, ಯುದ್ಧ ಶುರುವಾದ ಮೇಲೆ ಮಾರ್ಚಿನಲ್ಲಿ ಮನೆಗೆ ಮರಳಿದ್ದಳು. ಕಾಲೇಜಿನ ಪಾಠ ಫೋನಿನಲ್ಲಿ ನಡೆಯುತ್ತಿತ್ತು. ಆದರೆ ಪಾಠ ಮುಗಿದ ಮೇಲೆ, ಮಧ್ಯಾಹ್ನ ಎರಡರಿಂದ ದೀಪ ಹಚ್ಚುವವರೆಗೆ, ಹುಡುಗಿ ಬಾಗಿಲು ಹಾಕಿಕೊಂಡು ಯಾರ ಜೊತೆಗೋ ಮಾತಾಡುತ್ತಾಳೆ. ಒಮ್ಮೆ ಇಂಗ್ಲಿಷು, ಒಮ್ಮೆ ಅರ್ಥವಾಗದ ಇನ್ನೊಂದು ಭಾಷೆ. ಎರಡು ಸಲ ಅತ್ತದ್ದೂ ಕೇಳಿಸಿದೆ. ಹೆಣ್ಣುಮಕ್ಕಳನ್ನು ಪರದೇಶಕ್ಕೆ ಸಾಗಿಸುವ ಏಜೆನ್ಸಿಯೊಂದರ ಕೆಲಸ ಹಿಡಿದಿದ್ದಾಳೆ ಎಂದು ಎದುರು ಮನೆಯವರು ಆಡಿಕೊಳ್ಳುತ್ತಿದ್ದಾರೆ. ತಾನು ಕೇಳಿದರೆ ಸಮಾಜಸೇವೆ ಎನ್ನುತ್ತಾಳೆ. ಸಮಾಜಸೇವೆಗೆ ಬಾಗಿಲು ಯಾಕೆ ಹಾಕಬೇಕು?

"ಅವ್ವಾ, ನೀ ಬಂದು ಒಂದು ಚೌಕಶಿ ಮಾಡು" ಎಂದ ಪಂಡಿತ.

ಹೀಗೆ ಪ್ರಯಾಗಬಾಯಿ ಮೊದಲ ಬಾರಿಗೆ ತನ್ನ ಮೊಮ್ಮಗಳ ಚೌಕಶಿಗೆ ಹೊರಟಳು.

ಮೂರು ದಿನ ಆಕೆ ಹುಡುಗಿಯನ್ನು ಏನೂ ಕೇಳಲಿಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಕೂತಳು. ಕೊರಿಯರ್ ತರುವವನಿಗೆ ಮಜ್ಜಿಗೆ ಕೊಟ್ಟು ಕೂರಿಸಿದಳು. ಪ್ರಣಿತಾಳ ಹೆಸರಿಗೆ ಯಾವ ಪಾಕೀಟೂ ಬರುವುದಿಲ್ಲ, ಅವಳು ಯಾರ ಪಾಸ್‌ಪೋರ್ಟನ್ನೂ ಝೆರಾಕ್ಸ್ ಮಾಡಿಸಿಲ್ಲ, ಸಂಜೆ ಬಸವೇಶ್ವರ ಚೌಕದವರೆಗೆ ಒಬ್ಬಳೇ ಹೋಗಿ ಒಬ್ಬಳೇ ಬರುತ್ತಾಳೆ. ಅನುಮಾನ ಇದರಿಂದ ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು. ಏನೂ ಸಿಗದ ಮನೆಯನ್ನು ಪ್ರಯಾಗಬಾಯಿ ಎಂದೂ ನಂಬಿದವಳಲ್ಲ.

ನಾಲ್ಕನೇ ದಿನ ಎರಡು ಗಂಟೆಗೆ ಹುಡುಗಿ ಬಾಗಿಲು ಹಾಕುವ ಮುಂಚೆಯೇ ಆಕೆ ಒಳಗೆ ಹೋಗಿ, ಶೇಂಗಾದ ಮೊರ ಮುಂದಿಟ್ಟುಕೊಂಡು, ಗೋಡೆಗೆ ಬೆನ್ನು ಹಚ್ಚಿ ಕೂತಳು. ತನ್ನನ್ನು ಫೋನಿನಲ್ಲಿ ತೋರಿಸಬೇಡ, ನಿನ್ನ ಕೆಲಸ ನೀನು ಮಾಡು ಎಂದಳು. ಪ್ರಣಿತಾ ನಕ್ಕಳು. ಅಪ್ಪ ಅಜ್ಜಿಯನ್ನು ಯಾಕೆ ಕರೆಸಿದ್ದಾನೆ ಎಂಬುದು ಅವಳಿಗೆ ಮೊದಲ ದಿನವೇ ತಿಳಿದಿತ್ತು.

ಅಂದು ಸಂಜೆ ಅವಳೇ ಎಲ್ಲ ಹೇಳಿದಳು. ಅವಳು ಓದುತ್ತಿದ್ದ ತೆರ್ನೋಪಿಲ್ ಊರಿನ ಹಾಸ್ಟೆಲಿನಲ್ಲಿ ಅಡಿಗೆ ಮಾಡುತ್ತಿದ್ದವಳು ಲೆಸ್ಯಾ. ಯುದ್ಧ ಶುರುವಾದ ಮರುದಿನ ಆ ಹೆಂಗಸು ತನ್ನ ತಮ್ಮನ ವ್ಯಾನಿನಲ್ಲಿ ಒಂಬತ್ತು ಭಾರತೀಯ ಹುಡುಗಿಯರನ್ನು ತುಂಬಿಕೊಂಡು, ದಾರಿ ಕಟ್ಟಿದ್ದಲ್ಲಿ ಹೊಲ ಹಾಯ್ದು, ಪೋಲಂಡಿನ ಗಡಿಯ ಹತ್ತಿರ ಬಿಟ್ಟು ಬಂದಿದ್ದಳು. ಈಗ ಅವಳೇ ಹನ್ನೊಂದು ವರ್ಷದ ಮಗಳು ಝ್ಲಾತಾಳನ್ನು ಕರೆದುಕೊಂಡು ಪೋಲಂಡಿನ ಒಂದು ಶಾಲೆಯ ಹಾಲಿನಲ್ಲಿ, ನೂರು ಮಂಚಗಳ ನಡುವೆ ಮಲಗುತ್ತಿದ್ದಾಳೆ. ಬ್ರಿಟನ್ನಿಗೆ ಹೋಗಬಹುದು. ಆದರೆ ಅಲ್ಲಿಯ ಯಾವುದಾದರೂ ಒಂದು ಮನೆಯವರು, ಇವರು ನಮ್ಮಲ್ಲಿರಲಿ ಎಂದು ಹೆಸರು ಕೊಡಬೇಕು. ಹಾಗೆ ಮನೆ ಬೇಕಾದವರನ್ನೂ ಮನೆ ಕೊಡುವವರನ್ನೂ ಸೇರಿಸುವ ಕೆಲಸವನ್ನು ಹದಿನಾಲ್ಕು ಜನರ ಒಂದು ಗುಂಪು ಮಾಡುತ್ತಿದೆ. ಪ್ರಣಿತಾ ಅವರಲ್ಲಿ ಒಬ್ಬಳು. ನಾಲ್ಕು ವರ್ಷ ಅಲ್ಲಿದ್ದು ಕಲಿತ ಭಾಷೆ ಈಗ ಉಪಯೋಗಕ್ಕೆ ಬಂದಿದೆ. ಅಳುತ್ತಿದ್ದದ್ದು ಅವಳಲ್ಲ, ಫೋನಿನ ಆ ಕಡೆಯವರು.

ಪ್ರಯಾಗಬಾಯಿ ಬಹಳ ಹೊತ್ತು ಶೇಂಗಾ ಸುಲಿದಳು.

"ಅಂದ್ರ ಮಂದಿ ಹೆಣ್ಮಕ್ಕಳನ್ನ ಮಂದಿ ಮನಿಗಿ ಕಳಸ್ತೀರಿ" ಎಂದಳು. "ಚೌಕಶಿ ಯಾರ ಮಾಡ್ತಾರ?"

ಅಲ್ಲಿಯ ಸರಕಾರ, ಪೊಲೀಸರು ನೋಡುತ್ತಾರೆ, ಅದಕ್ಕೂ ಮುಂಚೆ ನಾವು ವಿಡಿಯೋದಲ್ಲಿ ಮನೆ ನೋಡುತ್ತೇವೆ, ನಲವತ್ತು ಪ್ರಶ್ನೆಗಳ ಫಾರ್ಮ್ ತುಂಬಿಸುತ್ತೇವೆ ಎಂದಳು ಪ್ರಣಿತಾ. ಪ್ರಶ್ನೆಗಳನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳಿಸಿಕೊಂಡ ಅಜ್ಜಿ, ನಲವತ್ತೂ ಪ್ರಶ್ನೆಗಳನ್ನು ಆ ಮನೆಯವರಿಗೇ ಕೇಳಿದ್ದೀರಿ, ಮನೆಯವರು ತಮ್ಮ ಬಗ್ಗೆ ಖರೇ ಹೇಳುತ್ತಾರೇನು ಎಂದಳು. ಮರುದಿನದಿಂದ ಫಾರ್ಮಿನಲ್ಲಿ ನಲವತ್ತೊಂದನೇ ಪ್ರಶ್ನೆ ಸೇರಿತು: ನಿಮ್ಮ ಬಗ್ಗೆ ಕೇಳಲು ಮೂವರ ಹೆಸರು ಕೊಡಿ, ಅವರಲ್ಲಿ ಒಬ್ಬರಾದರೂ ನಿಮ್ಮ ಗೆಳೆಯರಲ್ಲದವರಾಗಿರಬೇಕು.

ಹದಿನೈದು ದಿನ ಹೀಗೇ ನಡೆಯಿತು. ಕೂಲರಿನ ಸದ್ದಿಗೆ ಮಾತು ಕೇಳಿಸುವುದಿಲ್ಲವೆಂದು ಅದನ್ನು ಆರಿಸಿ, ಬೆವರುತ್ತ, ಅಜ್ಜಿ ಕ್ಯಾಮೆರಾಕ್ಕೆ ಕಾಣದಂತೆ ಕೂತು ಊರು ಹೆಸರು ಗೊತ್ತಿಲ್ಲದ ಮನೆಗಳನ್ನು ನೋಡಿದಳು. ಒಬ್ಬ ಗಂಡಸು ಬರುವವರ ಹೆಸರು ಕೇಳುವ ಮುಂಚೆ ಫೋಟೋ ಕೇಳಿದ. ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಎರಡೇ ದಿನದಲ್ಲಿ ಇನ್ನೊಬ್ಬ ಸ್ವಯಂಸೇವಕಿಯಿಂದಲೂ ಅವನ ಮೇಲೆ ದೂರು ಬಂತು. ಗುಂಪಿನಲ್ಲಿ ಪ್ರಣಿತಾಳ ಮಾತಿಗೆ ತೂಕ ಬಂತು. ಮನೆ ಕೊಡಲು ಬಂದ ಇನ್ನೊಬ್ಬನು ಮಾತಾಡುತ್ತ ಪಾತ್ರೆ ತೊಳೆಯುತ್ತಿದ್ದ.

"ಹೆಣತಿ ಎಲ್ಲಿ ಅದಾಳ ಕೇಳು" ಎಂದು ಅಜ್ಜಿ ಪಿಸುಗುಟ್ಟಿದಳು. "ಓಡಿ ಹೋಗ್ಯಾಳ, ಖರೇ."

ಅಷ್ಟರಲ್ಲಿ ಹೆಂಡತಿ ಹಿಂದಿನಿಂದ ಬಂದು ಒರೆಸುವ ಬಟ್ಟೆ ಹಿಡಿದಳು. ಆದರೂ ಅಜ್ಜಿಗೆ ಸಮಾಧಾನವಾಗಲಿಲ್ಲ. ಅವನು ದಿನಾಲೂ ತೊಳೆಯುತ್ತಾನೋ ಇವತ್ತು ಫೋನಿನ ಸಲುವಾಗಿ ತೊಳೆದನೋ ಎಂಬುದನ್ನು ಪ್ರಣಿತಾಳಿಂದ ಪಕ್ಕದ ಮನೆಯವರನ್ನು ಕೇಳಿಸಿದಳು. ದಿನಾಲೂ ತೊಳೆಯುತ್ತಾನೆ ಎಂದು ಉತ್ತರ ಬಂತು. ಆ ಮನೆಗೆ ಮೂರು ಮಕ್ಕಳ ಒಂದು ಕುಟುಂಬ ಹೋಯಿತು.

ಲೆಸ್ಯಾಳಿಗೆ ಮಾತ್ರ ಮನೆ ಸಿಗಲಿಲ್ಲ. ಜೂನ್ ಹತ್ತಕ್ಕೆ ಶಾಲೆಯ ಹಾಲು ಖಾಲಿ ಮಾಡಬೇಕಿತ್ತು. ಕರೆಯುವ ಮನೆಯ ಹೆಸರು ಸಿಕ್ಕವರಿಗೆ ವೀಸಾ ಬರುವತನಕ ಅದೇ ಊರಿನ ಹಾಸ್ಟೆಲಿನಲ್ಲಿ ಜಾಗ ಕೊಡುತ್ತಿದ್ದರು. ಹೆಸರಿಲ್ಲದವರನ್ನು ದೂರದ ದೊಡ್ಡ ಶಿಬಿರಕ್ಕೆ ಕಳಿಸುತ್ತಿದ್ದರು. ಶಿಬಿರಕ್ಕಿಂತ ತೆರ್ನೋಪಿಲ್‌ಗೆ ಮರಳಿ ಹೋಗುತ್ತೇನೆ, ಸೈರನ್ ಕೂಗಿದರೂ ಅದು ನನ್ನ ಅಡಿಗೆಮನೆ ಎಂದು ಲೆಸ್ಯಾ ಹೇಳಿದ್ದಳು. ಹೇಳಿದಂತೆ ಮಾಡುವ ಹೆಂಗಸು ಅವಳು ಎಂಬುದು ಪ್ರಣಿತಾಳಿಗೆ ಗೊತ್ತಿತ್ತು.

ಮೇ ಇಪ್ಪತ್ತೊಂದಕ್ಕೆ ಗ್ವೆನ್ ಎಂಬವಳ ಫಾರ್ಮ್ ಬಂತು. ಅರವತ್ತೊಂದು ವರ್ಷ, ವೇಲ್ಸಿನ ಒಂದು ಹಳ್ಳಿಯಲ್ಲಿ ಕುರಿ ಸಾಕುತ್ತಾಳೆ, ಒಬ್ಬಳೇ ಇದ್ದಾಳೆ. ಒಬ್ಬ ತಾಯಿ, ಒಬ್ಬ ಮಗುವಿಗೆ ಜಾಗವಿದೆ. ವಿಡಿಯೋದಲ್ಲಿ ಆಕೆ ನಗಲಿಲ್ಲ. ಮನೆ ತಣ್ಣಗಿರುತ್ತದೆ, ನಾಯಿ ಎಲ್ಲಿ ಬೇಕಾದಲ್ಲಿ ಮಲಗುತ್ತದೆ, ಸಿಗರೇಟು ಸೇದಬಾರದು, ಆರು ತಿಂಗಳಾದ ಮೇಲೆ ಇಬ್ಬರೂ ಕೂತು ಮುಂದಿನದನ್ನು ಮಾತಾಡೋಣ ಎಂದಳು. ಕುರಿಗಳನ್ನು ಕಂಡು ಪ್ರಯಾಗಬಾಯಿಗೆ ಸ್ವಲ್ಪ ಹಿತವೆನಿಸಿತು. ಮುರುಮದ ಹೊರಗೆ ಬೀರಪ್ಪನ ಒಕ್ಕಲಿನ ಕುರಿಗಾರರ ಹಟ್ಟಿಗಳಿವೆ, ಅವರ ಕಷ್ಟ ಆಕೆ ಬಲ್ಲಳು. ಆದರೆ ಮೂರು ಹೆಸರು ಕೇಳಿದಾಗ ಗ್ವೆನ್ ಕೊಟ್ಟ ಮೊದಲ ಹೆಸರು ಪಕ್ಕದ ತೋಟದವಳದು, ಎರಡನೆಯದು ಊರಿನ ಶಾಲೆಯ ಮಾಸ್ತರರದು, ಮೂರನೆಯದು ಬಿಟ್ಟ ಗಂಡನದು. ನನ್ನ ಕೆಟ್ಟದ್ದು ತಿಳಿಯಬೇಕಾದರೆ ಅವನನ್ನೇ ಕೇಳಿ ಎಂದಳು.

ಕರೆ ಮುಗಿದ ಮೇಲೆ ಅಜ್ಜಿ ಬಾಯಿ ಒರೆಸಿಕೊಂಡಳು.

ಪ್ರಣಿತಾ ವಾದ ಮಾಡಿದಳು. ಆ ಕಡೆ ಅದು ದೊಡ್ಡ ಮಾತಲ್ಲ, ಗಂಡ ಹೆಂಡಿರು ಬಿಟ್ಟಿರುವುದು ಸಾಮಾನ್ಯ ಎಂದಳು. ಅಜ್ಜಿ ಒಪ್ಪಲಿಲ್ಲ. ಗಂಡ ಬಿಟ್ಟನೋ, ಈಕೆ ಬಿಟ್ಟಳೋ, ಯಾಕೆ ಬಿಟ್ಟರೋ ತಿಳಿಯದ ಮನೆಗೆ ಪರರ ಹೆಣ್ಣನ್ನು ಕಳಿಸಬಾರದು. ನಾಳೆ ಸಿಟ್ಟು ಬಂದರೆ ಇವರನ್ನೂ ಬಿಡುವುದಿಲ್ಲವೆಂದು ಏನು ಗ್ಯಾರಂಟಿ? ಬೇರೆ ಮನೆ ಬಂದೇ ಬರುತ್ತದೆ. ಫೋಟೋ ಕೇಳಿದವನ ವಿಷಯದಲ್ಲಿ ಅಜ್ಜಿಯ ಮಾತು ನಿಜವಾಗಿತ್ತು ಎಂಬುದನ್ನು ನೆನೆದು ಪ್ರಣಿತಾ ಸೋತಳು. ಗ್ವೆನ್‌ಗೆ ನಯವಾಗಿ ಮೇಲ್ ಬರೆದಳು. ಅವಳು ಸುಳ್ಳು ಬರೆಯಲಾರಳು. ಇಂಥ ವಿಷಯದಲ್ಲಿ ಅನುಭವವಿರುವ ನನ್ನ ಅಜ್ಜಿಗೆ ಈ ಮನೆ ಸರಿಹೊಂದುವುದಿಲ್ಲ ಎನಿಸಿದೆ, ಕ್ಷಮಿಸಿ ಎಂದೇ ಬರೆದಳು. ಲೆಸ್ಯಾಳಿಗೆ ಈ ವಿಷಯ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ. ನಮ್ಮ ಕಡೆಯ ಚೌಕಶಿಯಲ್ಲಿ ಅಪ್ಪನನ್ನು ಕೇಳುತ್ತಾರೆ, ಸೋದರಮಾವನನ್ನು ಕೇಳುತ್ತಾರೆ, ಗಿರಣಿಯವನನ್ನೂ ಕೇಳುತ್ತಾರೆ. ಹೋಗುವ ಹುಡುಗಿಯನ್ನು ಕೇಳುವ ಪದ್ಧತಿ ಇಲ್ಲ.

ಬೇರೆ ಮನೆ ಬರಲಿಲ್ಲ. ಆರು ದಿನ ಕಳೆದವು. ಏಳನೇ ದಿನ ಲೆಸ್ಯಾ ತಾನೇ ಫೋನು ಮಾಡಿ, ನಮ್ಮಿಬ್ಬರನ್ನು ಯಾರೂ ಕೇಳಲೇ ಇಲ್ಲವೇ ಎಂದಳು. ಪ್ರಣಿತಾ ತಡವರಿಸುತ್ತ ಗ್ವೆನ್ ವಿಷಯ ಹೇಳಿದಳು.

ಲೆಸ್ಯಾ ನಿಧಾನವಾಗಿ ಮಾತಾಡಿದಳು. ನಾನು ಬೇಡವೆನ್ನುವ ಮುಂಚೆ ನನ್ನ ಪರವಾಗಿ ನೀವು ಬೇಡವೆಂದಿರಾ? ಗಂಡನನ್ನು ಬಿಟ್ಟವಳೆಂದೇ? ನಾನೂ ಬಿಟ್ಟಿದ್ದೇನೆ, ಝ್ಲಾತಾಳಿಗೆ ಮೂರು ವರ್ಷವಿದ್ದಾಗ. ನಾಲ್ಕು ವರ್ಷ ನನ್ನ ಕೈಯ ಊಟ ಮಾಡಿದೆ, ನಿನಗೆ ಗೊತ್ತಿರಲಿಲ್ಲವೇ? ಇದು ಮೊದಲೇ ಗೊತ್ತಿದ್ದರೆ ನನ್ನ ವ್ಯಾನು ಹತ್ತುತ್ತಿರಲಿಲ್ಲವೇ ನೀನು?

ಫೋನು ಇಟ್ಟ ಮೇಲೆ ಪ್ರಣಿತಾ ಅಜ್ಜಿಗೆ ಅಷ್ಟನ್ನೂ ಕನ್ನಡದಲ್ಲಿ ಹೇಳಿದಳು. ಏನನ್ನೂ ಕಡಿಮೆ ಮಾಡಲಿಲ್ಲ. ಪ್ರಯಾಗಬಾಯಿ ಎದ್ದು ಹೊರಗೆ ಹೋಗಿ, ಅಂಗಳದ ನಲ್ಲಿಯಲ್ಲಿ ಕಾಲು ತೊಳೆದುಕೊಂಡು, ಊಟ ಬೇಡವೆಂದು ಮಲಗಿದಳು. ಅವ್ವನಿಗೆ ಏನು ಅಂದೆ ಎಂದು ಪಂಡಿತ ಮಗಳ ಮೇಲೆ ರೇಗಿದ.

ಬೆಳಿಗ್ಗೆ ಅಜ್ಜಿ ಚಹಾದ ಕಪ್ಪು ಮುಟ್ಟದೆ ಕೂತಿದ್ದಳು.

"ನಾ ಮೂವತ್ತ ವರ್ಷ ಹೇಳ್ಕೋತ ಬಂದೀನಿ" ಎಂದಳು, "ಮನಿ ಬಿಟ್ಟು ಹೋದವ್ರನ್ನ ಕೇಳ್ರಿ, ಅವ್ರು ಖರೇ ಹೇಳ್ತಾರಂತ. ಆ ಕುರಿ ಸಾಕೂ ಬಾಯಿ ತಾನೇ ಹೆಸರ ಕೊಟ್ಟಳು. ನಾ ಹೆಸರ ಕೇಳಿ ಓಡಿದೆ. ಹಚ್ಚು ಫೋನ, ಆ ಗಂಡಗ."

ಗ್ವೆನ್‌ಳ ಬಿಟ್ಟ ಗಂಡ ಮಾತುಗಾರ. ಅವಳು ಚಳಿಗಾಲದಲ್ಲಿ ಒಲೆ ಹಚ್ಚಲು ಬಿಡುವುದಿಲ್ಲ, ಇನ್ನೊಂದು ಸ್ವೆಟರ್ ಹಾಕಿಕೋ ಎನ್ನುತ್ತಾಳೆ. ಬೆಳಿಗ್ಗೆ ಐದಕ್ಕೇ ರೇಡಿಯೋ. ತಪ್ಪು ಮಾಡಿದರೆ ಒಪ್ಪಿಕೊಳ್ಳುವುದಿಲ್ಲ. ನಾಯಿಯ ಮುಂದೆ ಗಂಡ ಯಾವ ಲೆಕ್ಕ. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, ನಿನ್ನ ಮಗಳನ್ನು ಆ ಮನೆಯಲ್ಲಿ ಬಿಡುತ್ತೀಯಾ ಎಂದು ಕೇಳಿಸಿದಳು. ಆತ, ನಾವು ಬೇರೆಯಾದಾಗ ನಮ್ಮ ಮಗಳಿಗೆ ಹದಿಮೂರು ವರ್ಷ, ಯಾರ ಜೊತೆ ಇರುತ್ತೀ ಎಂದು ಅವಳನ್ನೇ ಕೇಳಿದೆವು, ಅವಳು ಅಮ್ಮನ ಹತ್ತಿರವೇ ಉಳಿದಳು ಎಂದ. ಆ ಮಾತು ಹೇಳುವಾಗ ಅವನ ದನಿಯಲ್ಲಿ ಇನ್ನೂ ನೋವಿತ್ತು. ಪ್ರಯಾಗಬಾಯಿ ತಲೆಯಾಡಿಸಿದಳು.

ಪ್ರಣಿತಾ ಮೊದಲು ಲೆಸ್ಯಾಳನ್ನು ಕೇಳಿ ಹೂಂ ಅನ್ನಿಸಿಕೊಂಡಳು. ಆಮೇಲೆ ಗ್ವೆನ್‌ಗೆ ಬರೆದಳು, ತಪ್ಪಾಯಿತು, ಜಾಗ ಇನ್ನೂ ಇದೆಯೇ ಎಂದು. ಸಂಜೆಗೆ ಉತ್ತರ ಬಂತು. ಜಾಗವಿದೆ. ಆದರೆ ಈಗ ಗ್ವೆನ್‌ಗೇ ಅನುಮಾನ. ಇಂಥ ಕೆಲಸದಲ್ಲಿ ಮೋಸವೂ ಇದೆ, ಹುಷಾರಾಗಿರಬೇಕೆಂದು ನಮಗೂ ಹೇಳಿದ್ದಾರೆ ಎಂದು ಬರೆದಿದ್ದಳು. ಭಾರತದಲ್ಲಿ ಕೂತ ಒಬ್ಬ ಅಜ್ಜಿ ನನ್ನನ್ನು ಬೇಡವೆನ್ನುತ್ತಾಳೆ, ವಾರಕ್ಕೆ ಬೇಕೆನ್ನುತ್ತಾಳೆ. ಆ ಅಜ್ಜಿ ಯಾರು? ನನ್ನ ಬಗ್ಗೆ ಕೇಳಲು ನೀವು ಮೂವರ ಹೆಸರು ತೆಗೆದುಕೊಂಡಿರಿ. ಅವಳ ಬಗ್ಗೆ ನಾನು ಯಾರನ್ನು ಕೇಳಲಿ? ಹೊಗಳುವವರು ಬೇಡ.

ಪ್ರಣಿತಾ ತನ್ನ ಪ್ರೊಫೆಸರರ ಹೆಸರು ಕೊಡೋಣವೆಂದಳು. ಪಂಡಿತ ಮಾರುಕಟ್ಟೆಯ ಅಧ್ಯಕ್ಷರ ಹೆಸರು ಹೇಳಿದ. ಪ್ರಯಾಗಬಾಯಿ ಎರಡನ್ನೂ ಕೈಬೀಸಿ ತಳ್ಳಿದಳು. ಆ ಹೆಂಗಸು ಸರಿಯಾದದ್ದನ್ನೇ ಕೇಳಿದ್ದಾಳೆ, ತಾನಾಗಿದ್ದರೂ ಇದನ್ನೇ ಕೇಳುತ್ತಿದ್ದೆ ಎಂದಳು. ಆಮೇಲೆ ಗೋಡೆಯ ಕಡೆ ನೋಡುತ್ತ, "ನಿಲಂಗಾಕ್ಕ ಹೋಗೂಣು" ಎಂದಳು.

ಪಂಡಿತ ಬೆಚ್ಚಿದ. ನಿಲಂಗಾದಲ್ಲಿರುವುದು ಶೇವಂತಾಬಾಯಿ, ಪ್ರಯಾಗಬಾಯಿಯ ಒಡಹುಟ್ಟಿದ ತಂಗಿ. ಅಕ್ಕತಂಗಿಯರು ಮಾತು ಬಿಟ್ಟು ಹನ್ನೊಂದು ವರ್ಷ. ಶೇವಂತಾಬಾಯಿಯ ಮಗ ವೀರಭದ್ರನಿಗೆ ಲೋಹಾರಾದ ಹೆಣ್ಣು ಗೊತ್ತಾಗಿತ್ತು. ಹೆಣ್ಣಿನವರು ಬಂದು ಚೌಕಶಿ ಕೇಳಿದ್ದು ಪ್ರಯಾಗಬಾಯಿಯನ್ನೇ. ಹುಡುಗ ಕುಡಿಯುತ್ತಾನೆ ಎಂದು ಆಕೆ ಹೇಳಿದಳು. ಮದುವೆ ಮುರಿಯಿತು. ತಂಗಿಯ ಮಗನೆಂದು ನೋಡದೆ ಹೇಳಿದಳಲ್ಲ ಎಂದು ಊರವರು ಆಕೆಯನ್ನು ಕೊಂಡಾಡಿದರು. ತಂಗಿ ಮನೆಯ ಬಾಗಿಲು ಹಾಕಿಕೊಂಡಳು.

ಮೇ ಮೂವತ್ತರ ಬೆಳಗಿನ ಬಸ್ಸಿಗೆ ಅಜ್ಜಿ ಮೊಮ್ಮಗಳು ಹೊರಟರು. ಬಸ್ಸಿನಲ್ಲಿ ಅಜ್ಜಿ, ಅವಳು ಬೇಕೆಂದೇ ಸುಳ್ಳು ಹೇಳಿದರೆ ಎಂದು ಒಮ್ಮೆ, ಮಾತೇ ಆಡದಿದ್ದರೆ ಎಂದು ಒಮ್ಮೆ ಕೇಳಿದಳು. ಗಿರಣಿಗೆ ಹೋಗಿ ವಿಚಾರಿಸಿ ಆಮೇಲೆ ಮನೆಗೆ ಹೋಗೋಣವೇ ಎಂದು ಕೂಡ ಕೇಳಿದಳು. ಬೇಡ, ನೇರ ಹೋಗೋಣ ಎಂದಳು ಪ್ರಣಿತಾ.

ಶೇವಂತಾಬಾಯಿ ಅಂಗಳದಲ್ಲಿ ಹುರಿ ಹೆಣೆದ ಹೊರಸಿನ ಮೇಲೆ ಶಾವಿಗೆ ಹರಡುತ್ತಿದ್ದಳು. ತಲೆ ಎತ್ತಿ ನೋಡಿದಳು, ಕೈ ನಿಲ್ಲಿಸಲಿಲ್ಲ.

"ಯಾರ ಮನಿ ಮುರೀಲಾಕ ಬಂದಿ ಅಕ್ಕಾ?"

"ಈ ಸಲ ಮುರೀಲಾಕ ಅಲ್ಲ" ಎಂದಳು ಪ್ರಯಾಗಬಾಯಿ. ನಿಂತೇ ಇದ್ದಳು, ಕೂರು ಎಂದು ಯಾರೂ ಹೇಳಿರಲಿಲ್ಲ. "ಪರದೇಶದಾಗಿನ ಒಬ್ಬಾಕಿ ನನ್ನ ಚೌಕಶಿ ಮಾಡಲಾಕತ್ಯಾಳ. ನನ್ನ ಬಗ್ಗೆ ಕೆಟ್ಟದ್ದು ಹೇಳೋರು ಬೇಕಾಗ್ಯಾದ."

ಶೇವಂತಾಬಾಯಿ ಕೈಗೆ ಹತ್ತಿದ ಹಿಟ್ಟನ್ನು ಕೊಡವಿದಳು.

"ಎಷ್ಟೊತ್ತು ಟೈಮ್ ಅದ?"

ಪ್ರಣಿತಾ ತನ್ನ ಸಣ್ಣಾಯಿ ಶೇವಂತಾಬಾಯಿಯ ಹತ್ತಿರ ಕೂತು ಲೆಸ್ಯಾಳ ವಿಷಯ ಮೊದಲಿನಿಂದ ಹೇಳಿದಳು. ವ್ಯಾನು, ಹೊಲ, ಶಾಲೆಯ ಹಾಲು, ಜೂನ್ ಹತ್ತು. ಶೇವಂತಾಬಾಯಿ ನಡುನಡುವೆ ಅಕ್ಕನ ಕಡೆ ನೋಡುತ್ತಿದ್ದಳು, ಇದರಲ್ಲಿ ಇವಳದೇನು ಹಂಚಿಕೆ ಇದೆಯೋ ಎಂಬಂತೆ. ಇದೆಲ್ಲ ಖರೇನಾ, ಇಲ್ಲ ಮಾತು ಬೆಳೆಸಲು ಹೂಡಿದ ನಾಟಕವಾ ಎಂದು ಹುಡುಗಿಯನ್ನೇ ನೇರವಾಗಿ ಕೇಳಿದಳು. ಪ್ರಣಿತಾ ಫೋನಿನಲ್ಲಿ ಝ್ಲಾತಾ ಮಂಚದ ಮೇಲೆ ಕೂತು ಬರೆಯುತ್ತಿದ್ದ ಫೋಟೋ ತೋರಿಸಿದಳು. ಶೇವಂತಾಬಾಯಿ ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನೋಡಿ, ಹಚ್ಚು ಎಂದಳು.

ಗ್ವೆನ್ ಅಲ್ಲಿಯ ಬೆಳಗಿನ ಕುರಿಗಳ ಕೆಲಸ ಮುಗಿಸಿ ಬಂದಿದ್ದಳು. ಇಲ್ಲಿ ಎರಡು ಗಂಟೆಯ ಬಿಸಿಲು. ಪ್ರಣಿತಾ ಫೋನನ್ನು ಜೋಳದ ಚೀಲಕ್ಕೆ ಆನಿಸಿ ಇಟ್ಟಳು. ಪ್ರಯಾಗಬಾಯಿ ಹೊಸ್ತಿಲ ಮೇಲೆ ಕೂತಳು, ಎಲ್ಲ ಕೇಳಿಸುವಷ್ಟು ಹತ್ತಿರ.

ಮೊದಲ ಐದು ನಿಮಿಷ ಶೇವಂತಾಬಾಯಿ ಬೈದಳು. ಚಹಾದಲ್ಲಿ ಸಕ್ಕರೆ ಹೆಚ್ಚಾದರೂ ಇವಳು ಅನುಮಾನಿಸುತ್ತಾಳೆ. ತವರಿನಲ್ಲಿ ಅವ್ವ ಕೊಟ್ಟ ಸೀರೆಯನ್ನು ಬಿಸಿಲಿಗೆ ಹಿಡಿದು ನೋಡಿದವಳು. ಊರಿಗೆಲ್ಲ ಬುದ್ಧಿ ಹೇಳುತ್ತಾಳೆ, ತನ್ನ ತಪ್ಪು ಒಂದಿನ ಒಪ್ಪಿಲ್ಲ. ಪ್ರಣಿತಾ ಅಷ್ಟನ್ನೂ ಇಂಗ್ಲಿಷಿಗೆ ತಿರುಗಿಸಿದಳು. ಗ್ವೆನ್ ಬರೆದುಕೊಳ್ಳುತ್ತಿದ್ದಳು. ಆಮೇಲೆ, ಅವಳು ನಿಮಗೆ ಏನು ಅನ್ಯಾಯ ಮಾಡಿದಳು ಎಂದು ಕೇಳಿದಳು.

ಶೇವಂತಾಬಾಯಿಯ ದನಿ ಇಳಿಯಿತು.

"ನನ್ನ ಮಗ ಕುಡೀತಿದ್ದ, ಖರೇ ಅದ. ಆದರ ಬಿಟ್ಟು ಎಂಟ ತಿಂಗಳಾಗಿತ್ತು. ಈಕಿ ಹಳೀ ಮಾತ ಹೇಳಿದಳು. ಮತ್ತೊಮ್ಮಿ ಬಂದು ನೋಡಲಿಲ್ಲ. ಮುರುಮದಿಂದ ನಿಲಂಗಾ ಎಷ್ಟ ದೂರ? ಬಂದು ನೋಡಿದ್ರ ತಿಳೀತಿತ್ತು."

ಪ್ರಣಿತಾ ಅನುವಾದ ನಿಲ್ಲಿಸಿ ಅಜ್ಜಿಯ ಕಡೆ ನೋಡಿದಳು. ಈ ಮಾತು ಅವಳು ಎಂದೂ ಕೇಳಿರಲಿಲ್ಲ. ಮನೆಯಲ್ಲಿ ಆ ಕತೆ ಯಾವಾಗಲೂ ಅಜ್ಜಿಯ ಸತ್ಯದ ಕತೆಯಾಗಿತ್ತು. ಹೊಸ್ತಿಲಿನಿಂದ ಅಜ್ಜಿ ಹೇಳಿದಳು:

"ಹೇಳು. ಒಂದಕ್ಷರ ಬಿಡಬ್ಯಾಡ."

ಪ್ರಣಿತಾ ಹೇಳಿದಳು. ಗ್ವೆನ್ ಪೆನ್ನು ಕೆಳಗಿಟ್ಟು ಕೇಳಿದಳು, ಅವಳು ಸುಳ್ಳು ಹೇಳುವವಳೇ?

"ಇಲ್ಲ" ಎಂದಳು ಶೇವಂತಾಬಾಯಿ. "ಸುಳ್ಳ ಹೇಳಿದ್ದರ ನಾ ಎಂದೋ ಮಾಫ್ ಮಾಡ್ತಿದ್ದೆ."

ಇನ್ನೊಂದು ಪ್ರಶ್ನೆ ಬಂತು. ಕಾಣದ ಊರಿನ, ಗುರುತಿಲ್ಲದ ಹೆಂಗಸಿನ ಸಲುವಾಗಿ ಅವಳು ಇಷ್ಟೆಲ್ಲ ಯಾಕೆ ಮಾಡುತ್ತಿದ್ದಾಳೆ? ಶೇವಂತಾಬಾಯಿ ತಿರುಗಿ ಅಕ್ಕನನ್ನು ನೋಡಿದಳು. ಹನ್ನೊಂದು ವರ್ಷದಲ್ಲಿ ಕೂದಲು ಪೂರಾ ಬಿಳಿಯಾಗಿತ್ತು, ಕಣ್ಣಿನ ಕೆಳಗೆ ಚರ್ಮ ಇಳಿದಿತ್ತು.

"ಆಕಿಗಿ ಬ್ಯಾರೆ ಕೆಲಸ ಬರೂದಿಲ್ಲ. ಹೆಣ್ಣ ಎಲ್ಲಿ ಹೋಗಿ ಬೀಳ್ತದೋ ಅಂತ ಸಾಯೂತನಾ ಅದೇ ಚಿಂತಿ. ಹಂಗಂತ ಹೇಳು."

ಗ್ವೆನ್ ಮೊದಲ ಬಾರಿಗೆ ಸ್ವಲ್ಪ ನಕ್ಕಳು. ನನಗೆ ಸಾಕು ಎಂದಳು. ಆದರೆ ಇನ್ನು ಮುಂದೆ ಭಾರತದ ಜೊತೆ ಮಾತಿಲ್ಲ. ಬರಬೇಕಾದವಳ ಜೊತೆಗೇ ಮಾತಾಡುತ್ತೇನೆ, ಈಗಲೇ.

ಪ್ರಣಿತಾ ಲೆಸ್ಯಾಳನ್ನು ಅದೇ ಕರೆಗೆ ಸೇರಿಸಿದಳು. ಇಬ್ಬರ ನಡುವೆ ಭಾಷೆ ದಾಟಿಸಲು ತಾನಿರುತ್ತೇನೆ ಎಂದುಕೊಂಡಿದ್ದಳು. ಲೆಸ್ಯಾ ನಮಸ್ಕಾರ ಹೇಳಿ, ನೀನು ಹೊರಗೆ ಹೋಗು ಪ್ರಣಿತಾ, ಫೋನಿನಲ್ಲಿ ಅನುವಾದ ಮಾಡುವುದು ಇದೆ, ನಾವು ನಿಭಾಯಿಸುತ್ತೇವೆ ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಆದರೂ ಪ್ರಣಿತಾಳ ಮುಖ ಕೆಂಪಾಯಿತು. ಅವಳು ಕರೆಯಿಂದ ಹೊರಬಂದಳು.

ಆಮೇಲೆ ಮೂವರೂ ಕಾದರು. ಪ್ರಯಾಗಬಾಯಿಗೆ ಇದು ಸಹಿಸಲಾಗದ ಹೊತ್ತು. ಏನು ಮಾತಾಡುತ್ತಾರೆ, ಇಷ್ಟು ಹೊತ್ತು ಯಾಕೆ, ಆ ಯಂತ್ರ ಒಂದು ಹೇಳಿದ್ದನ್ನು ಇನ್ನೊಂದು ಮಾಡಿದರೆ ಎಂದು ಕೇಳುತ್ತಲೇ ಇದ್ದಳು. ಬಿಟ್ಟ ಗಂಡನಿಗೆ ಇನ್ನೂ ಎರಡು ಮಾತು ಕೇಳಬೇಕಿತ್ತು ಎಂದಳು. ಶೇವಂತಾಬಾಯಿ ಒಳಗೆ ಹೋಗಿ ಎರಡು ತಾಟು ಕಡಲೆಹಿಟ್ಟಿನ ಪಿಠಲೆ, ರೊಟ್ಟಿ ತಂದಿಟ್ಟಳು. ಊಟ ಮಾಡಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ಪ್ರಯಾಗಬಾಯಿ ತಾಟನ್ನು ಹತ್ತಿರ ಎಳೆದುಕೊಂಡು, ಪಿಠಲೆಯಲ್ಲಿ ಉಪ್ಪು ಇದೆಯೋ ಇಲ್ಲವೋ ಎಂದು ನೋಡದೆ ತಿಂದಳು.

ನಾಲ್ಕರ ಸುಮಾರಿಗೆ ವೀರಭದ್ರ ಅಂಗಡಿಯಿಂದ ಬಂದ. ನಲವತ್ತರ ಹತ್ತಿರದ ಗಂಡಸು, ಕೀಟನಾಶಕದ ಅಂಗಡಿ ಇಟ್ಟಿದ್ದಾನೆ, 'ದೊಡ್ಡವ್ವ' ಎಂದು ಬಾಗಿ ಕಾಲು ಮುಟ್ಟಿದ. ಅವನು ಬಾಗಿದಾಗ ಪ್ರಯಾಗಬಾಯಿಯ ಮೂಗು ತಾನಾಗಿಯೇ ಅವನ ಬಾಯಿಯ ಕಡೆ ಹೋಯಿತು. ಶೇವಂತಾಬಾಯಿ ಅದನ್ನು ನೋಡಿದಳು. ಪ್ರಯಾಗಬಾಯಿಗೆ ನಾಚಿಕೆಯಾಯಿತು.

"ತಪ್ಪಾತು" ಎಂದಳು. ಅದು ಈಗಿನದಕ್ಕೋ ಹನ್ನೊಂದು ವರ್ಷದ ಹಿಂದಿನದಕ್ಕೋ ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಪ್ರಣಿತಾಳ ಫೋನಿಗೆ ಲೆಸ್ಯಾಳಿಂದ ಸಂದೇಶ ಬಂತು. ಗ್ವೆನ್ ಹೆಸರು ಕೊಟ್ಟಿದ್ದಾಳೆ. ನಾಳೆಯೇ ಅರ್ಜಿ ಹಾಕುತ್ತಾರೆ. ಹಾಸ್ಟೆಲಿನಲ್ಲಿ ಜಾಗ ಕೇಳಲು ಲೆಸ್ಯಾ ಆಗಲೇ ಹೊರಟಿದ್ದಳು. ಪ್ರಣಿತಾ ಓದಿ ಹೇಳಿದಳು, ಇನ್ನೊಮ್ಮೆ ಓದಿ ಹೇಳಿದಳು.

ಪ್ರಯಾಗಬಾಯಿ ಕೂಡಲೇ ಕೇಳಿದಳು, "ಒಂದ ತಾಸು ಏನ ಕೇಳಿದಳಂತ ಆಕಿ?"

ಪ್ರಣಿತಾ ಬರೆದು ಕೇಳಿದಳು. ಉತ್ತರ ಬಂತು. ಅದು ನನ್ನ ಮತ್ತು ಗ್ವೆನ್‌ಳ ನಡುವಿನ ಮಾತು, ಬೇಜಾರು ಮಾಡಿಕೊಳ್ಳಬೇಡ ಎಂದು ಲೆಸ್ಯಾ ಬರೆದಿದ್ದಳು.

ಪ್ರಯಾಗಬಾಯಿ ಆ ಮಾತನ್ನು ಒಳಗೇ ತಿರುವಿ ತಿರುವಿ ನೋಡಿದಳು. ಮುಚ್ಚಿಟ್ಟ ಮಾತೆಂದರೆ ಆಕೆಗೆ ಮೊದಲಿನಿಂದ ಆಗದು. ಆಮೇಲೆ, "ಆಕಿ ಹೋಗೂ ಮನಿ. ಆಕಿ ಕೇಳ್ಯಾಳ" ಎಂದಳು.

ಉದಗೀರದ ಐದು ಗಂಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಪ್ರಯಾಗಬಾಯಿ ಎದ್ದು, ಕೈ ತೊಳೆದುಕೊಂಡು ಬಂದು, ಹೊರಸಿನ ಆ ಬದಿಗೆ ಕೂತು ಶಾವಿಗೆಯ ಹಿಟ್ಟಿಗೆ ಕೈ ಹಾಕಿದಳು. ದಪ್ಪ ಎಳೆಯಬೇಡ ಎಂದು ಶೇವಂತಾಬಾಯಿ ಗದರಿದಳು.